ಕಳೆದುಹೋದ ಹೆಜ್ಜೆಗಳು: ದಿನನಿತ್ಯದ ನಡಿಗೆ ಮತ್ತು ಏರುವ ಮೈತೂಕ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಮಾನ್ಯ ಸಭಿಕರೇ,

ಶರೀರಕ್ರಿಯಾಶಾಸ್ತ್ರದ ಪಾಠ ಮಾಡುವ ನನ್ನನ್ನು ಪರಿಚಿತರು ದಾರಿಯಲ್ಲಿ ನಿಲ್ಲಿಸಿ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. "ದಿನಾ ತಪ್ಪದೆ ಅರ್ಧ ಗಂಟೆ ವಾಕಿಂಗ್ ಮಾಡುತ್ತೇನೆ ಸಾರ್, ಮೂರು ತಿಂಗಳಾಯಿತು, ತೂಕದ ಮುಳ್ಳು ಮಾತ್ರ ಇದ್ದಲ್ಲೇ ಇದೆ, ಯಾಕೆ?" ಕೇಳುವ ಹೊತ್ತಿಗಾಗಲೇ ಅವರು ಎರಡರಲ್ಲೊಂದು ತೀರ್ಮಾನಕ್ಕೆ ಬಂದಿರುತ್ತಾರೆ: ಒಂದೋ ನಡಿಗೆಯಿಂದ ಏನೂ ಪ್ರಯೋಜನವಿಲ್ಲ, ಇಲ್ಲವೇ ತಮ್ಮ ಮೈಯಲ್ಲೇ ಏನೋ ಐಬಿದೆ. ಎರಡೂ ಸರಿಯಲ್ಲ. ನಡಿಗೆಗೂ ಮೈತೂಕಕ್ಕೂ ಗಟ್ಟಿಯಾದ ಸಂಬಂಧವಿದೆ, ಆದರೆ ಆ ಸಂಬಂಧವನ್ನು ನಾವು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇವೆ. ಬೂಟು ಕಟ್ಟಿಕೊಂಡು ಹೊರಡುವ ಆ ಅರ್ಧ ಗಂಟೆಗಿಂತ, ಎಚ್ಚರವಾಗಿರುವ ಉಳಿದ ಹದಿನೈದೂವರೆ ಗಂಟೆಗಳಲ್ಲಿ ನಮ್ಮ ಕಾಲುಗಳು ಏನು ಮಾಡುತ್ತಿರುತ್ತವೆ ಎಂಬುದೇ ತೂಕದ ವಿಷಯದಲ್ಲಿ ಹೆಚ್ಚು ಮುಖ್ಯ ಎನ್ನುವುದು ಈ ಹೊತ್ತು ನಾನು ನಿಮ್ಮ ಮುಂದಿಡಬೇಕೆಂದಿರುವ ವಿಚಾರ.

ಮೊದಲು ನಡಿಗೆ ಎಂದರೇನೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಕುತ್ತಿಗೆಯೆತ್ತರದ ಗೋಡೆಯ ಆಚೆ ಒಬ್ಬರು ನಡೆದುಹೋಗುತ್ತಿದ್ದಾರೆ, ನಮಗೆ ಅವರ ತಲೆಯಷ್ಟೇ ಕಾಣುತ್ತಿದೆ ಎಂದಿಟ್ಟುಕೊಳ್ಳಿ. ಆ ತಲೆ ನೇರ ಗೆರೆಯಲ್ಲಿ ಸಾಗುವುದಿಲ್ಲ. ಪ್ರತಿ ಹೆಜ್ಜೆಗೂ ನಾಲ್ಕೈದು ಸೆಂಟಿಮೀಟರ್ ಮೇಲೇರಿ ಕೆಳಗಿಳಿಯುತ್ತದೆ. ಊರಿದ ಕಾಲಿನ ಮೇಲೆ ದೇಹ ಕಮಾನಿನಂತೆ ಹಾದುಹೋಗುವಾಗ ತಲೆ ಎತ್ತರದಲ್ಲಿರುತ್ತದೆ, ಮುಂದಿನ ಕಾಲು ನೆಲ ಮುಟ್ಟುವಾಗ ತಗ್ಗಿನಲ್ಲಿರುತ್ತದೆ. ಏರುವಾಗ ಕೂಡಿಟ್ಟ ಶಕ್ತಿಯೇ ಇಳಿಯುವಾಗ ವೇಗವಾಗಿ ಮಾರ್ಪಟ್ಟು ಮುಂದಿನ ಹೆಜ್ಜೆಯನ್ನು ತಳ್ಳುತ್ತದೆ. ತಲೆಕೆಳಗಾಗಿ ನಿಲ್ಲಿಸಿದ ಲೋಲಕದ ಹಾಗೆ ನಡೆಯುವ ಈ ಏರ್ಪಾಟಿನಿಂದಾಗಿ, ಹದವಾದ ವೇಗದಲ್ಲಿ ನಡೆಯುವಾಗ ಪ್ರತಿ ಹೆಜ್ಜೆಗೆ ಬೇಕಾದ ಯಾಂತ್ರಿಕ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹಿಂದಿನ ಹೆಜ್ಜೆಯೇ ಒದಗಿಸುತ್ತದೆ. ಚಿಂಪಾಂಜಿಯನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಅದು ಸೇವಿಸುವ ಆಮ್ಲಜನಕವನ್ನು ಅಳೆದ ವಿಜ್ಞಾನಿಗಳು, ಮನುಷ್ಯನ ನಡಿಗೆಗೆ ತಗಲುವ ಶಕ್ತಿ ಅದರ ಸುಮಾರು ಕಾಲು ಭಾಗ ಮಾತ್ರ ಎಂದು 2007ರಲ್ಲಿ ತೋರಿಸಿದರು. ಅಷ್ಟೇ ಅಲ್ಲ, ಯಾರೂ ಹೇಳಿಕೊಡದಿದ್ದರೂ ನಾವು ತಾನಾಗಿ ಹಿಡಿಯುವ ವೇಗ, ಅಂದರೆ ಗಂಟೆಗೆ ನಾಲ್ಕೂವರೆಯಿಂದ ಐದು ಕಿಲೋಮೀಟರ್, ಒಂದು ಕಿಲೋಮೀಟರಿಗೆ ಅತಿ ಕಡಿಮೆ ಶಕ್ತಿ ಖರ್ಚಾಗುವ ವೇಗವೂ ಹೌದು.

ಒಟ್ಟಿನಲ್ಲಿ ನಡಿಗೆ ಮಿತವ್ಯಯದ ಪರಮಾವಧಿ. ದಿನವಿಡೀ ಆಹಾರ ಹುಡುಕಿ ಅಲೆಯಬೇಕಾಗಿದ್ದ ಜೀವಿಗೆ ಇದು ವರ. ಕೊಬ್ಬು ಕರಗಿಸಲು ನಡಿಗೆಯನ್ನು ಆಯ್ದುಕೊಂಡ ನಮಗೆ ಇದೇ ತೊಡಕು. ಲೆಕ್ಕ ಹಾಕಿ ನೋಡೋಣ. ಆಹಾರದ ಮಾತಿನಲ್ಲಿ ನಾವು ಕ್ಯಾಲೊರಿ ಎನ್ನುವುದು ವಾಸ್ತವವಾಗಿ ಕಿಲೊಕ್ಯಾಲೊರಿ. ರೂಢಿಯಂತೆ ನಾನೂ ಕ್ಯಾಲೊರಿ ಎಂದೇ ಹೇಳುತ್ತೇನೆ. ಸಮತಟ್ಟಾದ ನೆಲದ ಮೇಲೆ ನಡೆಯುವಾಗ, ಸುಮ್ಮನೆ ಕುಳಿತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದರೆ, ಪ್ರತಿ ಕಿಲೋಮೀಟರಿಗೆ ಪ್ರತಿ ಕಿಲೋ ಮೈತೂಕಕ್ಕೆ ಹೆಚ್ಚುಕಡಿಮೆ ಅರ್ಧ ಕ್ಯಾಲೊರಿ ವ್ಯಯವಾಗುತ್ತದೆ. 70 ಕಿಲೋ ತೂಗುವವರೊಬ್ಬರು ಅರ್ಧ ಗಂಟೆಯಲ್ಲಿ ಎರಡೂವರೆ ಕಿಲೋಮೀಟರ್ ನಡೆದರೆ ಸುಮಾರು 90 ಕ್ಯಾಲೊರಿ. ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆ ತೆಗೆದುಕೊಂಡರೆ ಅದರಲ್ಲಿ 120 ಕ್ಯಾಲೊರಿ ಇರುತ್ತದೆ. ನಡೆದು ಬಂದ ದಣಿವಿಗೆ ಕೈ ತಾನಾಗಿ ಚಾಚುವ ಒಂದು ತುತ್ತಿನಲ್ಲಿ ಆ ಅರ್ಧ ಗಂಟೆಯ ಲೆಕ್ಕ ಚುಕ್ತಾ ಆಗಿಬಿಡಬಹುದು, ಅದು ನಮ್ಮ ಗಮನಕ್ಕೂ ಬಂದಿರುವುದಿಲ್ಲ.

ಇಲ್ಲಿ ಇನ್ನೊಂದು ತಪ್ಪು ಲೆಕ್ಕವನ್ನೂ ತಿದ್ದಬೇಕು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ ಎಂಬ ಅಂಕಿಯನ್ನು ಹಿಡಿದು, ದಿನಕ್ಕೆ 90ರಂತೆ ಉಳಿಸಿದರೆ ವರ್ಷಕ್ಕೆ ನಾಲ್ಕೂಕಾಲು ಕಿಲೋ, ಹತ್ತು ವರ್ಷಕ್ಕೆ ನಲವತ್ತಮೂರು ಕಿಲೋ ಇಳಿಯಬೇಕು ಎಂದು ಭಾಗಾಕಾರ ಮಾಡುವವರಿದ್ದಾರೆ. ಹಾಗಾಗುವುದಾಗಿದ್ದರೆ ಅಂಚೆ ಹಂಚುವವರು ಯಾರೂ ನಿವೃತ್ತಿಯ ತನಕ ಉಳಿಯುತ್ತಿರಲಿಲ್ಲ. ತೂಕ ಇಳಿದಂತೆ ಹಗುರವಾದ ದೇಹವನ್ನು ಸಾಕಲು ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ. ಸ್ವಲ್ಪ ಕಾಲದಲ್ಲಿ ಆದಾಯವೂ ಖರ್ಚೂ ಹೊಸ ಮಟ್ಟದಲ್ಲಿ ಸರಿದೂಗಿ ಇಳಿತ ನಿಲ್ಲುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕೆವಿನ್ ಹಾಲ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿ 2011ರಲ್ಲಿ ಪ್ರಕಟಿಸಿದ ಗಣಿತದ ಮಾದರಿಯ ಪ್ರಕಾರ, ದಿನಕ್ಕೆ ಸುಮಾರು 24 ಕ್ಯಾಲೊರಿಯ ಶಾಶ್ವತ ಬದಲಾವಣೆಗೆ ಅಂತಿಮವಾಗಿ ಒಂದು ಕಿಲೋ ತೂಕ ಬದಲಾಗುತ್ತದೆ. ಅದರಲ್ಲಿ ಅರ್ಧ ಬದಲಾವಣೆಗೆ ಒಂದು ವರ್ಷ ಬೇಕು, ಬಹುಪಾಲು ಮುಗಿಯಲು ಮೂರು ವರ್ಷ ಬೇಕು. ಈ ಅಳತೆಯನ್ನು ನಡಿಗೆಗೆ ಒರಟಾಗಿ ಅನ್ವಯಿಸಿದರೆ, ಊಟ ಒಂದಿಷ್ಟೂ ಹೆಚ್ಚದಿದ್ದ ಪಕ್ಷದಲ್ಲಿ, ದಿನದ ಅರ್ಧ ಗಂಟೆಯ ನಡಿಗೆಯಿಂದ ಮೂರು ವರ್ಷದಲ್ಲಿ ಮೂರೂವರೆ ಕಿಲೋ ಇಳಿಯಬಹುದು. ಪೆಡೋಮೀಟರ್, ಅಂದರೆ ಹೆಜ್ಜೆ ಎಣಿಸುವ ಸಾಧನ, ಕಟ್ಟಿಕೊಂಡು ನಡೆದವರ ಮೇಲಿನ ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2008ರ ವಿಶ್ಲೇಷಣೆಯಲ್ಲಿ ಊಟದ ಪಥ್ಯವಿಲ್ಲದೆ ಕಂಡ ಸರಾಸರಿ ಇಳಿತ 1.27 ಕಿಲೋ, ಅದೂ ಸರಾಸರಿ ಹದಿನಾರು ವಾರಗಳಲ್ಲಿ. ಹಾಗಾಗಿ ಮೂರು ತಿಂಗಳಿಗೆ ಮುಳ್ಳು ಕದಲದ ನನ್ನ ಪರಿಚಿತರ ಮೈಯಲ್ಲಿ ಯಾವ ಐಬೂ ಇಲ್ಲ.

ಹಾಗಿದ್ದರೆ ನಡಿಗೆಗೂ ಬೊಜ್ಜಿಗೂ ಇರುವ ಸಂಬಂಧ ಎಲ್ಲಿ ಕಾಣುತ್ತದೆ? ಇಲ್ಲಿಂದ ವಿಷಯ ಸ್ವಾರಸ್ಯಕರವಾಗುತ್ತದೆ.

ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಒಬ್ಬ ಚಾಲಕ, ಒಬ್ಬ ನಿರ್ವಾಹಕ ಇರುತ್ತಿದ್ದರು. ಒಂದೇ ಬಸ್ಸು, ಒಂದೇ ಪಾಳಿ. ಚಾಲಕ ಪಾಳಿಯ ಬಹುಪಾಲು ಹೊತ್ತು ಕುಳಿತೇ ಇರುತ್ತಿದ್ದ. ಕಂಡಕ್ಟರ್ ಮಾತ್ರ ಟಿಕೆಟ್ ಹರಿಯುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಜೆರೆಮಿ ಮೋರಿಸ್ ಎಂಬ ವೈದ್ಯರ ತಂಡ ಇವರನ್ನು ಹೋಲಿಸಿ, ಕಂಡಕ್ಟರುಗಳಲ್ಲಿ ಹೃದಯಾಘಾತ ಗಣನೀಯವಾಗಿ ಕಡಿಮೆ ಎಂದು 1953ರಲ್ಲಿ ವರದಿ ಮಾಡಿತು. ಇದು ಅನೇಕರಿಗೆ ಗೊತ್ತಿರುವ ಕಥೆ. ಅದರ ಮುಂದುವರಿಕೆಯನ್ನು ಕೇಳಿದವರು ಕಡಿಮೆ. ಮೈತೂಕದ ವಿಚಾರ ತಿಳಿಯಲು ಈ ಸಂಶೋಧಕರು ಸಮವಸ್ತ್ರದ ದಾಖಲೆಗಳನ್ನು ತೆರೆದರು. ಯಾರಿಗೆ ಎಷ್ಟು ಸುತ್ತಳತೆಯ ಪ್ಯಾಂಟು ಹೊಲಿಸಿ ಕೊಟ್ಟಿದ್ದರು ಎಂಬ ಪಟ್ಟಿ ಅಲ್ಲಿತ್ತು. ಒಂದೇ ಎತ್ತರದ ಇಬ್ಬರಲ್ಲಿ ಚಾಲಕನ ಪ್ಯಾಂಟಿನ ಸೊಂಟ ಕಂಡಕ್ಟರನದಕ್ಕಿಂತ ಅಗಲವಾಗಿತ್ತು. 1956ರಲ್ಲಿ ಪ್ರಕಟವಾದ ಈ ಲೇಖನವನ್ನು ನಾನು ವಿದ್ಯಾರ್ಥಿಗಳಿಗೆ ಓದಲು ಕೊಡುವುದು ದರ್ಜಿಯ ಟೇಪಿನಲ್ಲೂ ವಿಜ್ಞಾನ ಅಡಗಿರುತ್ತದೆ ಎಂದು ತೋರಿಸುವುದಕ್ಕೆ ಮಾತ್ರವಲ್ಲ, ಅದರಲ್ಲಿರುವ ಒಂದು ಎಚ್ಚರಿಕೆಗಾಗಿ. ಚಿಕ್ಕ ವಯಸ್ಸಿನ ಚಾಲಕರಲ್ಲೂ ಆ ಅಗಲ ಕಂಡಿತ್ತು. ಹಾಗಾದರೆ ಕುಳಿತ ಕೆಲಸ ಸೊಂಟವನ್ನು ಬೆಳೆಸಿತೋ, ಸೊಂಟ ದಪ್ಪವಿದ್ದವರು ಕುಳಿತು ಮಾಡುವ ಕೆಲಸವನ್ನು ಆಯ್ದುಕೊಂಡರೋ? ಈ ಪ್ರಶ್ನೆಯನ್ನು ಮರೆಯದೆ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ 1956ರಲ್ಲಿ ಪೋಷಣವಿಜ್ಞಾನಿ ಜೀನ್ ಮೇಯರ್ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಗಂಡಸರ ಊಟವನ್ನೂ ತೂಕವನ್ನೂ ಕೆಲಸದ ಶ್ರಮವನ್ನೂ ಒಟ್ಟಿಗೆ ಅಳೆದ ಅಧ್ಯಯನ ಹೊರಬಂತು. ಹೊರೆ ಹೊರುವವರಿಂದ ಹಿಡಿದು ಕುಳಿತಲ್ಲಿಂದ ಏಳದ ಗುಮಾಸ್ತರು, ಮೇಲ್ವಿಚಾರಕರ ತನಕ ಎಲ್ಲರೂ ಅದರಲ್ಲಿದ್ದರು. ಹೆಚ್ಚು ದುಡಿದವರು ಹೆಚ್ಚು ಉಂಡರು, ಆದರೂ ಅವರ ತೂಕ ಏರಲಿಲ್ಲ. ಹಗುರ ಕೆಲಸದವರು ಅದಕ್ಕೆ ತಕ್ಕಂತೆ ಕಡಿಮೆ ಉಂಡರು. ಇಷ್ಟರ ತನಕ ಯಾರೂ ಊಹಿಸಬಹುದಾದದ್ದೇ. ಅಚ್ಚರಿ ಇದ್ದದ್ದು ಕೆಳತುದಿಯಲ್ಲಿ. ಶ್ರಮ ತೀರಾ ಇಲ್ಲದಿದ್ದವರ ಊಟ ಇನ್ನಷ್ಟು ಕಡಿಮೆಯಾಗುವ ಬದಲು ಮತ್ತೆ ಏರಿತ್ತು, ಎಲ್ಲರಿಗಿಂತ ಹೆಚ್ಚು ತೂಗುತ್ತಿದ್ದವರೂ ಅವರೇ. ಹಸಿವೆಂಬ ತಕ್ಕಡಿ ಒಂದು ಮಿತಿಯ ಮೇಲಿನ ಚಟುವಟಿಕೆಗೆ ಸರಿಯಾಗಿ ತೂಗುತ್ತದೆ. ಆ ಮಿತಿಗಿಂತ ಕೆಳಗಿಳಿದರೆ ಅದರ ಮುಳ್ಳು ಎತ್ತೆತ್ತಲೋ ಓಲಾಡುತ್ತದೆ ಎನ್ನುವುದು ಮೇಯರ್ ಅವರ ನಿಲುವು. ನನ್ನ ದೃಷ್ಟಿಯಲ್ಲಿ ನಡಿಗೆ ಮತ್ತು ಬೊಜ್ಜಿನ ಬಗ್ಗೆ ಹೇಳಬೇಕಾದ ಮಾತುಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ನಡಿಗೆಯಿಂದ ಎಷ್ಟು ಕ್ಯಾಲೊರಿ ಉರಿಯಿತು ಎಂಬುದಕ್ಕಿಂತ, ನಡಿಗೆ ಇಲ್ಲವಾದಾಗ ಹಸಿವಿನ ಲೆಕ್ಕ ತಪ್ಪುತ್ತದೆಯೇ ಎಂಬುದು ದೊಡ್ಡ ಪ್ರಶ್ನೆ.

ಇದಾಗಿ ನಾಲ್ಕು ದಶಕಗಳ ಮೇಲೆ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು ಬೇರೆಯೇ ದಿಕ್ಕಿನಿಂದ ಇದೇ ಜಾಗಕ್ಕೆ ಬಂದರು. ಬೊಜ್ಜಿಲ್ಲದ ಹದಿನಾರು ಮಂದಿಗೆ ಎಂಟು ವಾರ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿ ಊಟ ಹಾಕಿದರು. ಎಲ್ಲರಿಗೂ ಅಷ್ಟೇ ಹೆಚ್ಚುವರಿ, ಎಲ್ಲರ ಮೇಲೂ ನಿಗಾ. ಆದರೂ ಒಬ್ಬರಲ್ಲಿ 0.36 ಕಿಲೋ ಕೊಬ್ಬು ಸೇರಿದರೆ ಇನ್ನೊಬ್ಬರಲ್ಲಿ 4.23 ಕಿಲೋ ಸೇರಿತು. ವ್ಯಾಯಾಮ ಯಾರೂ ಮಾಡುವಂತಿರಲಿಲ್ಲ. ವ್ಯತ್ಯಾಸ ಮಾಡಿದ್ದು ಎದ್ದು ನಿಲ್ಲುವುದು, ಓಡಾಡುವುದು, ಕೂತಲ್ಲೇ ಕೈಕಾಲು ಅಲುಗಿಸುವುದು ಮುಂತಾದ, ಲೆಕ್ಕಕ್ಕೇ ಹಿಡಿಯದ ಚಲನೆಗಳು. ಹೆಚ್ಚು ಉಂಡಾಗ ಕೆಲವರ ದೇಹ ತಿಳಿಯದಂತೆಯೇ ಹೆಚ್ಚು ಓಡಾಡಿ ಅದನ್ನು ಖರ್ಚು ಮಾಡಿತು, ಉಳಿದವರ ದೇಹ ಸುಮ್ಮನೆ ಕೂಡಿಟ್ಟಿತು. ಮುಂದೆ 2005ರಲ್ಲಿ ಇದೇ ತಂಡ ಹತ್ತು ತೆಳ್ಳನೆಯವರಿಗೂ ಹತ್ತು ಮಂದಿ ಸ್ವಲ್ಪ ಬೊಜ್ಜಿನವರಿಗೂ ದೇಹದ ಭಂಗಿಯನ್ನು ಸದಾ ದಾಖಲಿಸುವ ಸಂವೇದಕಗಳಿದ್ದ ಒಳಉಡುಪು ತೊಡಿಸಿ ಹತ್ತು ದಿನ ಅವರ ಪಾಡಿಗೆ ಬಿಟ್ಟಿತು. ಬೊಜ್ಜಿನವರು ತೆಳ್ಳನೆಯವರಿಗಿಂತ ದಿನಕ್ಕೆ ಎರಡು ಗಂಟೆಗೂ ಮೀರಿ ಜಾಸ್ತಿ ಕುಳಿತಿದ್ದರು. ತೆಳ್ಳನೆಯವರ ಹಾಗೆ ನಿಂತು ನಡೆದಾಡಿದ್ದರೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ವ್ಯಯವಾಗುತ್ತಿತ್ತು. ಅರ್ಧ ಗಂಟೆಯ ವಾಕಿಂಗ್‌ನ 90ರ ಪಕ್ಕದಲ್ಲಿ ಈ 350ನ್ನು ಇಟ್ಟು ನೋಡಿ.

ನನ್ನದೇ ಒಂದು ಸಣ್ಣ ಸಾಕ್ಷ್ಯವನ್ನೂ ಹೇಳಿಬಿಡುತ್ತೇನೆ, ಇದಕ್ಕೆ ಸಂಶೋಧನೆಯ ಬೆಲೆ ಏನೂ ಇಲ್ಲ. ಸೊಂಟಕ್ಕೆ ಪೆಡೋಮೀಟರ್ ಸಿಕ್ಕಿಸಿಕೊಂಡು ಕೆಲವು ವಾರ ದಿನಚರಿ ಬರೆದಿಟ್ಟಿದ್ದೆ. ಪಾಠ, ಪ್ರಯೋಗಶಾಲೆ, ಗ್ರಂಥಾಲಯ ಎಂದು ಮೇಲೆ ಕೆಳಗೆ ಓಡಾಡಿದ ಒಂದು ದಿನ, ವಾಕಿಂಗ್‌ಗೆಂದು ಹೊರಡದೆಯೂ 8,200 ಹೆಜ್ಜೆ ದಾಖಲಾಗಿತ್ತು. ಮನೆಯಲ್ಲೇ ಕುಳಿತು ಉತ್ತರಪತ್ರಿಕೆ ತಿದ್ದಿದ ಇನ್ನೊಂದು ದಿನ, ಸಂಜೆ ಶಿಸ್ತಾಗಿ ಇಪ್ಪತ್ತೈದು ನಿಮಿಷ ಬಿರುಸಿನಿಂದ ನಡೆದು ಬಂದ ಮೇಲೂ 4,100. ಆ ಎರಡನೆಯ ದಿನದ ರಾತ್ರಿ "ಇವತ್ತು ವ್ಯಾಯಾಮ ಮಾಡಿದೆ" ಎಂಬ ಸಮಾಧಾನದಿಂದ ಮಲಗಿದ್ದೆ, ಮೊದಲನೆಯ ದಿನ ಅಂಥ ಸಮಾಧಾನವೇನೂ ಇರಲಿಲ್ಲ. ನಮ್ಮ ತೃಪ್ತಿಗೂ ನಮ್ಮ ಕಾಲುಗಳಿಗೂ ಅಷ್ಟೇನೂ ಸಂಬಂಧವಿಲ್ಲ ಎಂದು ಗೊತ್ತಾದದ್ದು ಆ ಪುಟ್ಟ ಯಂತ್ರದಿಂದ.

ಯಂತ್ರಗಳು ಬರುವ ಮೊದಲು ಮನುಷ್ಯರು ಎಷ್ಟು ನಡೆಯುತ್ತಿದ್ದರು ಎಂದು ತಿಳಿಯಲು ಒಂದು ದಾರಿ, ಇಂದಿಗೂ ಯಂತ್ರಗಳನ್ನು ದೂರವಿಟ್ಟವರನ್ನು ನೋಡುವುದು. ಕೆನಡಾದ ಒಂಟಾರಿಯೊದಲ್ಲಿ ಕಾರು, ಟ್ರ್ಯಾಕ್ಟರುಗಳಿಲ್ಲದೆ ಬೇಸಾಯ ಮಾಡಿಕೊಂಡಿರುವ ಆಮಿಶ್ ಸಮುದಾಯದವರಿಗೆ ಪೆಡೋಮೀಟರ್ ಕಟ್ಟಿದ 2004ರ ಅಧ್ಯಯನದಲ್ಲಿ ಗಂಡಸರು ದಿನಕ್ಕೆ ಸರಾಸರಿ 18,425, ಹೆಂಗಸರು 14,196 ಹೆಜ್ಜೆ ಇಟ್ಟರು. ಬೊಜ್ಜಿನವರು ಗಂಡಸರಲ್ಲಿ ಒಬ್ಬರೂ ಇರಲಿಲ್ಲ, ಹೆಂಗಸರಲ್ಲಿ ನೂರಕ್ಕೆ ಒಂಬತ್ತು ಮಂದಿ. ಇದನ್ನು ಕೇಳಿದೊಡನೆ "ಹಾಗಾದರೆ ನಡೆದಷ್ಟೂ ಕ್ಯಾಲೊರಿ ಉರಿಯುತ್ತದೆ" ಎಂದು ಹೇಳಲು ಮನಸ್ಸಾಗುತ್ತದೆ. ಆದರೆ ಟಾಂಜಾನಿಯಾದ ಹಡ್ಜಾ ಬೇಟೆಗಾರರ ನಡುವೆ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಳತೆ ಈ ಉತ್ಸಾಹಕ್ಕೆ ತಣ್ಣೀರೆರಚುತ್ತದೆ. ಹಡ್ಜಾ ಗಂಡಸರು ದಿನಕ್ಕೆ ಹನ್ನೊಂದು ಕಿಲೋಮೀಟರಿನಷ್ಟು, ಹೆಂಗಸರು ಆರು ಕಿಲೋಮೀಟರಿನಷ್ಟು ನಡೆಯುತ್ತಾರೆ. ಆದರೂ ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ ಅವರ ದಿನದ ಒಟ್ಟು ಶಕ್ತಿವ್ಯಯ ಕುರ್ಚಿಯಲ್ಲಿ ಕುಳಿತು ದುಡಿಯುವ ಪಾಶ್ಚಾತ್ಯರದಕ್ಕಿಂತ ಬೇರೆಯಾಗಿರಲಿಲ್ಲ. ನಡಿಗೆಗೆ ಹೆಚ್ಚು ಖರ್ಚಾದಾಗ ದೇಹ ಒಳಗಿನ ಬೇರೆ ಬಾಬತ್ತುಗಳಲ್ಲಿ ಕೈ ಬಿಗಿಹಿಡಿಯುತ್ತದೆ ಎಂಬುದು ಪಾಂಟ್ಜರ್ ಅವರ ವಿವರಣೆ.

ಇವೆರಡನ್ನೂ ಒಟ್ಟಿಗೆ ಹೇಗೆ ಒಪ್ಪುವುದು? ಪಾಂಟ್ಜರ್ ತಂಡದ 2016ರ ಅಧ್ಯಯನದಲ್ಲೇ ಒಂದು ಸುಳಿವಿದೆ. ಚಟುವಟಿಕೆ ತೀರಾ ಕಡಿಮೆಯಿರುವ ತುದಿಯಲ್ಲಿ, ಹೆಚ್ಚಿದ ಚಲನೆಗೆ ತಕ್ಕಂತೆ ಒಟ್ಟು ಖರ್ಚೂ ಏರುತ್ತದೆ. ಮಧ್ಯಮ ಮಟ್ಟ ದಾಟಿದ ಮೇಲೆ ಮಾತ್ರ ಅದು ಸಮತಟ್ಟಾಗುತ್ತದೆ. ಮೇಯರ್ ಕಂಡ ಹಸಿವಿನ ಓಲಾಟವೂ ಅದೇ ಕೆಳತುದಿಯಲ್ಲೇ. ಅರವತ್ತು ವರ್ಷಗಳ ಅಂತರದಲ್ಲಿ, ಒಂದು ಊಟವನ್ನು ತೂಗಿ, ಇನ್ನೊಂದು ಶಕ್ತಿವ್ಯಯವನ್ನು ಅಳೆಯಲು ಐಸೊಟೋಪು (ಪರಮಾಣುಗಳ ತುಸು ಭಾರವಾದ ರೂಪ) ಬೆರೆಸಿದ ನೀರು ಕುಡಿಸಿ ಕಂಡುಕೊಂಡ ಎರಡು ವಕ್ರರೇಖೆಗಳೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಹೆಚ್ಚು ನಡೆಯುವವರು ಇನ್ನೂ ಹೆಚ್ಚು ನಡೆದರೆ ತೂಕಕ್ಕೆ ಆಗುವ ಲಾಭ ಅಲ್ಪ. ಏನೂ ನಡೆಯದವರು ಸ್ವಲ್ಪ ನಡೆದರೆ ಆಗುವ ಲಾಭ ಬಹಳ.

ತೂಕದ ಯಂತ್ರ ತೋರಿಸದ ಒಂದು ಬದಲಾವಣೆಯನ್ನೂ ಇಲ್ಲಿ ಹೇಳಬೇಕು. ಕೋಪನ್‌ಹೇಗನ್‌ನಲ್ಲಿ ಆರೋಗ್ಯವಂತ ಯುವಕರು ಹತ್ತು ಮಂದಿ ತಮ್ಮ ದಿನದ ಹೆಜ್ಜೆಗಳನ್ನು ಸರಾಸರಿ 10,501ರಿಂದ 1,344ಕ್ಕೆ ಇಳಿಸಿ ಎರಡು ವಾರ ಕಳೆದರು: ಮೆಟ್ಟಿಲ ಬದಲು ಲಿಫ್ಟು, ನಡಿಗೆಯ ಬದಲು ಕಾರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರ ದೇಹದ ಒಟ್ಟು ಕೊಬ್ಬು ಹೆಚ್ಚಲಿಲ್ಲ, ಆದರೆ ಹೊಟ್ಟೆಯೊಳಗೆ ಕರುಳು ಯಕೃತ್ತುಗಳ ಸುತ್ತ ಸೇರುವ ಕೊಬ್ಬು ನೂರಕ್ಕೆ ಏಳರಷ್ಟು ಏರಿತು. ಅಷ್ಟೇ ಸಕ್ಕರೆಯನ್ನು ಸಂಭಾಳಿಸಲು ಮೊದಲಿಗಿಂತ ಹೆಚ್ಚು ಇನ್ಸುಲಿನ್ ಬೇಕಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಸಂಕುಚಿಸುವ ಸ್ನಾಯು ಇನ್ಸುಲಿನ್ನಿನ ಅನುಮತಿಗೆ ಕಾಯದೆ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳಬಲ್ಲದು. ತೊಡೆ, ಮೀನಖಂಡಗಳಂಥ ದೊಡ್ಡ ಸ್ನಾಯುಗಳು ಗಂಟೆಗಟ್ಟಲೆ ಸುಮ್ಮನಿದ್ದರೆ ಆ ದಾರಿ ಮುಚ್ಚಿರುತ್ತದೆ, ಉಂಡ ಆಹಾರ ಬೇರೆ ಕಡೆ ಜಾಗ ಹುಡುಕುತ್ತದೆ. ಆದ್ದರಿಂದಲೇ ತೂಕ ಇಳಿಯದಿದ್ದರೂ ನಡಿಗೆಯಿಂದ ಸೊಂಟದ ಸುತ್ತಳತೆ, ರಕ್ತದ ಸಕ್ಕರೆಗಳಲ್ಲಿ ಸುಧಾರಣೆ ಕಾಣುವುದುಂಟು. ನನ್ನನ್ನು ಕೇಳಿದರೆ ನಡೆಯುವವರು ತೂಕದ ಯಂತ್ರಕ್ಕಿಂತ ಅಳತೆ ಟೇಪನ್ನು ನಂಬುವುದು ಲೇಸು.

ಹೆಜ್ಜೆಗಳು ಕಳೆದುಹೋದದ್ದು ಜನ ಸೋಮಾರಿಗಳಾದದ್ದರಿಂದಲ್ಲ, ಹೆಜ್ಜೆಯ ಅಗತ್ಯವೇ ತಪ್ಪಿದ್ದರಿಂದ. ಅಮೆರಿಕದ ಅಟ್ಲಾಂಟಾ ಪ್ರದೇಶದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ 2004ರ ಅಧ್ಯಯನದಲ್ಲಿ, ದಿನಕ್ಕೆ ಕಾರಿನಲ್ಲಿ ಕಳೆಯುವ ಪ್ರತಿ ಹೆಚ್ಚುವರಿ ಗಂಟೆಗೆ ಬೊಜ್ಜಿನ ಸಂಭವ ನೂರಕ್ಕೆ ಆರರಷ್ಟು ಹೆಚ್ಚು, ನಡೆಯುವ ಪ್ರತಿ ಕಿಲೋಮೀಟರಿಗೆ ಸುಮಾರು ಐದರಷ್ಟು ಕಡಿಮೆ ಎಂದು ಕಂಡಿತು. ಬ್ರಿಟನ್ನಿನಲ್ಲಿ ಕಾರು ಬಿಟ್ಟು ನಡಿಗೆ, ಸೈಕಲ್ ಅಥವಾ ಬಸ್ಸು-ರೈಲುಗಳಿಗೆ ಬದಲಾದ ನೌಕರರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಸರಾಸರಿ 0.32ರಷ್ಟು ಇಳಿಯಿತು, ಮಧ್ಯಮ ಎತ್ತರದವರಿಗೆ ಅದು ಸುಮಾರು ಒಂದು ಕಿಲೋ. ತಿರುಗಿ ಕಾರಿಗೆ ಹೋದವರಲ್ಲಿ ಹೆಚ್ಚುಕಡಿಮೆ ಅಷ್ಟೇ ಏರಿತು. ಬಸ್ಸು, ರೈಲು ಈ ಪಟ್ಟಿಯಲ್ಲಿರುವುದು ತಮಾಷೆಯಲ್ಲ: ನಿಲ್ದಾಣದ ತನಕ ಯಾರಾದರೂ ನಡೆಯಲೇಬೇಕು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 111 ದೇಶಗಳ ಏಳು ಲಕ್ಷಕ್ಕೂ ಹೆಚ್ಚು ಜನರ ಮೊಬೈಲುಗಳು ಎಣಿಸಿದ ಹೆಜ್ಜೆಗಳನ್ನು 2017ರಲ್ಲಿ ವಿಶ್ಲೇಷಿಸಿದರು. ಸರಾಸರಿ 4,961 ಹೆಜ್ಜೆ. ಆದರೆ ಬೊಜ್ಜಿನ ಪ್ರಮಾಣವನ್ನು ಚೆನ್ನಾಗಿ ಊಹಿಸಿದ್ದು ಒಂದು ದೇಶದ ಸರಾಸರಿಯಲ್ಲ, ಆ ದೇಶದೊಳಗೆ ಹೆಚ್ಚು ನಡೆಯುವವರಿಗೂ ನಡೆಯದವರಿಗೂ ಇರುವ ಅಂತರ. ಆ ಅಂತರ ಹೆಚ್ಚಿರುವ ಕಡೆ ಹೆಂಗಸರ ಹೆಜ್ಜೆಗಳು ಗಂಡಸರದಕ್ಕಿಂತ ಹೆಚ್ಚು ಕುಸಿದಿದ್ದವು. ಕಾಲ್ನಡಿಗೆಗೆ ಅನುಕೂಲವಾದ ನಗರಗಳಲ್ಲಿ ಅಂತರ ಕಿರಿದಾಗಿತ್ತು. ಮತ್ತೆ ಅದೇ ಕೆಳತುದಿ.

ಈಗ ಪ್ಯಾಂಟಿನ ಪಟ್ಟಿ ಎಬ್ಬಿಸಿದ ಪ್ರಶ್ನೆಗೆ ಬರುತ್ತೇನೆ. ನಡೆಯದಿದ್ದರೆ ತೂಕ ಏರುತ್ತದೆಯೋ, ತೂಕ ಏರಿದ್ದರಿಂದ ನಡಿಗೆ ತಗ್ಗುತ್ತದೆಯೋ? ಪ್ರಾಮಾಣಿಕವಾದ ಉತ್ತರ, ಎರಡೂ. ಮೈ ಭಾರವಾದಂತೆ ಮಂಡಿ ನೋಯುತ್ತದೆ, ಏದುಸಿರು ಬರುತ್ತದೆ, ಒಂದೊಂದು ಹೆಜ್ಜೆಗೂ ಬೆಲೆ ಏರುತ್ತದೆ. ಲೆವಿನ್ ಅವರು ತೆಳ್ಳನೆಯವರ ತೂಕ ಏರಿಸಿ, ಬೊಜ್ಜಿನವರ ತೂಕ ಇಳಿಸಿ ಮತ್ತೆ ಅಳೆದಾಗ ಕೂರುವ ನಿಲ್ಲುವ ಅಭ್ಯಾಸ ಬದಲಾಗಿರಲಿಲ್ಲ ಎಂಬುದು, ಓಡಾಡುವ ಒಲವು ಒಂದು ಮಟ್ಟಿಗೆ ಹುಟ್ಟಿನಿಂದಲೇ ಬಂದಿರಬಹುದು ಎಂದು ಸೂಚಿಸುತ್ತದೆ. ಹೀಗಿರುವಾಗ ದಪ್ಪಗಿರುವವರನ್ನು ಕಂಡು "ಸ್ವಲ್ಪ ನಡೆಯಬಾರದೇ" ಎಂದು ಹಗುರವಾಗಿ ಆಡುವ ಮಾತಿನಲ್ಲಿ ಅವಿವೇಕವೂ ಇದೆ, ಅನ್ಯಾಯವೂ ಇದೆ.

ಏರಿದ ತೂಕವನ್ನು ಇಳಿಸುವುದಕ್ಕಿಂತ, ಏರದಂತೆ ತಡೆಯುವುದರಲ್ಲೂ ಇಳಿದದ್ದನ್ನು ಉಳಿಸಿಕೊಳ್ಳುವುದರಲ್ಲೂ ನಡಿಗೆಯ ಕೈ ಮೇಲು. 34,079 ಅಮೆರಿಕನ್ ಮಹಿಳೆಯರನ್ನು ಹದಿಮೂರು ವರ್ಷ ಗಮನಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಚಟುವಟಿಕೆ ಹೆಚ್ಚಿದಷ್ಟೂ ತೂಕದ ಏರಿಕೆ ಕಡಿಮೆ ಎಂಬ ಸಂಬಂಧ ಕಂಡದ್ದು ಬಿಎಂಐ 25ಕ್ಕಿಂತ ಕಡಿಮೆಯಿದ್ದವರಲ್ಲಿ ಮಾತ್ರ. ಅವರಲ್ಲೂ ತೂಕವನ್ನು ಹಾಗೇ ಕಾಪಾಡಿಕೊಂಡವರು ಬಿರುಸು ನಡಿಗೆಗೆ ಸಮನಾದ ಚಟುವಟಿಕೆಯನ್ನು ದಿನಕ್ಕೆ ಸರಾಸರಿ ಒಂದು ಗಂಟೆ ಮಾಡುತ್ತಿದ್ದರು. 13.6 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿ ಕನಿಷ್ಠ ಒಂದು ವರ್ಷ ಉಳಿಸಿಕೊಂಡವರ ದಾಖಲೆಯೊಂದು ಅಮೆರಿಕದಲ್ಲಿ 1994ರಿಂದ ಇದೆ. ಅದರಲ್ಲಿರುವ ಬಹುತೇಕರು ಇಳಿಸಿದ್ದು ಊಟ ತಿದ್ದಿಕೊಂಡು, ಚಟುವಟಿಕೆಯನ್ನೂ ಹೆಚ್ಚಿಸಿಕೊಂಡು; ಉಳಿಸಿಕೊಂಡದ್ದು ಮಿತ ಊಟದ ಜೊತೆಗೆ ದಿನಕ್ಕೆ ಸುಮಾರು ಒಂದು ಗಂಟೆಯ ಚಟುವಟಿಕೆಯಿಂದ, ಅವರು ಎಲ್ಲಕ್ಕಿಂತ ಹೆಚ್ಚಾಗಿ ಹೆಸರಿಸುವುದು ನಡಿಗೆಯನ್ನು. ಒಂದು ಗಂಟೆ ಎಂದೊಡನೆ ಗಾಬರಿಯಾಗುವುದು ಸಹಜ. ಬೂಟು ಕಟ್ಟಿ ಹೊರಡುವ ಗಂಟೆಯೇ ಆಗಬೇಕೆಂದರೆ ಹೆಚ್ಚಿನವರಿಗೆ ಅದು ಆಗದ ಕೆಲಸ. ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ, ಮೆಟ್ಟಿಲುಗಳಲ್ಲಿ, ಫೋನಿನಲ್ಲಿ ಮಾತಾಡುತ್ತ ಓಡಾಡುವುದರಲ್ಲಿ ಹಂಚಿಹೋದ ಗಂಟೆ ಅಷ್ಟು ಕಷ್ಟದ್ದಲ್ಲ. ದಾರಿಯಲ್ಲಿ ಏರು ಸಿಕ್ಕರೆ ಬಿಡಬೇಡಿ. ನೂರು ಅಡಿಗೆ ಐದು ಅಡಿ ಏರುವ ಸಾಧಾರಣ ಏರಿನಲ್ಲೂ ಶಕ್ತಿವ್ಯಯ ಅರ್ಧಕ್ಕಿಂತ ಹೆಚ್ಚಾಗಿ ಏರುತ್ತದೆ, ಏಕೆಂದರೆ ಅಲ್ಲಿ ಪ್ರತಿ ಹೆಜ್ಜೆಗೂ ಮೈಭಾರವನ್ನು ಮೇಲಕ್ಕೆತ್ತಬೇಕು, ಲೋಲಕದ ಉಳಿತಾಯವೂ ಪೂರ್ತಿ ನಡೆಯುವುದಿಲ್ಲ.

ಉಪನ್ಯಾಸದ ನಂತರ ಹಿರಿಯರೊಬ್ಬರು ಎದ್ದು, "ಹತ್ತು ಸಾವಿರ ಹೆಜ್ಜೆ ಆಗಲೇಬೇಕೇ? ನನ್ನ ಮಗಳು ದಿನಾ ಕೇಳುತ್ತಾಳೆ" ಎಂದರು. ಆ ಸಂಖ್ಯೆ ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನ ಉತ್ಸಾಹದ ಬೆನ್ನಿಗೆ, 1965ರಲ್ಲಿ ಜಪಾನಿನ ಕಂಪನಿಯೊಂದು ಪೆಡೋಮೀಟರ್ ಮಾರಲು ಅದಕ್ಕೆ "ಮಾನ್‌ಪೊ-ಕೆಯ್" ಎಂದು ಹೆಸರಿಟ್ಟಿತು. "ಹತ್ತು ಸಾವಿರ ಹೆಜ್ಜೆಯ ಮಾಪಕ" ಎಂದರ್ಥ. ಕೆಟ್ಟ ಗುರಿಯೇನಲ್ಲ, ಆದರೆ ಅದು ಲಕ್ಷ್ಮಣರೇಖೆಯೂ ಅಲ್ಲ. ವಯಸ್ಸಾದ 16,741 ಮಹಿಳೆಯರ ಮೇಲಿನ 2019ರ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲೇ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು, 7,500ರ ಸುಮಾರಿಗೆ ಆ ಲಾಭ ಸಮತಟ್ಟಾಯಿತು. ಇದು ಆಯುಸ್ಸಿನ ಲೆಕ್ಕ, ತೂಕದ್ದಲ್ಲ. ತೂಕ ಕಾಯ್ದುಕೊಳ್ಳಲು ಇದಕ್ಕಿಂತ ಹೆಚ್ಚೇ ಬೇಕಾಗಬಹುದು. ಮಗಳಿಗೆ ಏನು ಹೇಳಲಿ ಎಂದು ಅವರು ಮತ್ತೆ ಕೇಳಿದರು. ನಿನ್ನೆಗಿಂತ ಸಾವಿರ ಹೆಚ್ಚು ಎಂದು ಹೇಳಿ ಎಂದೆ.

ಮಂಡಿನೋವಿದ್ದ ಒಬ್ಬ ತಾಯಿ ಕೇಳಿದ್ದು, ಒಂದೇ ಸಲಕ್ಕೆ ಅರ್ಧ ಗಂಟೆ ಆಗದಿದ್ದರೆ ಐದೈದು ನಿಮಿಷ ನಡೆದರೆ ಲೆಕ್ಕಕ್ಕೆ ಬರುತ್ತದೆಯೇ ಎಂದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆಯನ್ನು ಸೂಚಿಸುತ್ತದೆ. ಒಂದೊಂದು ಕಂತೂ ಹತ್ತು ನಿಮಿಷಕ್ಕೆ ಕಡಿಮೆಯಿರಬಾರದು ಎಂಬ ನಿಬಂಧನೆ ಅದರ ಹಿಂದಿನ ಮಾರ್ಗಸೂಚಿಯಲ್ಲಿತ್ತು. 2020ರ ಮಾರ್ಗಸೂಚಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಬರುತ್ತದೆ ತಾಯಿ, ಐದು ನಿಮಿಷವೂ ಬರುತ್ತದೆ, ಎದ್ದು ಬಾಗಿಲ ತನಕ ಹೋಗಿ ಬಂದದ್ದೂ ಬರುತ್ತದೆ ಎಂದು ಹೇಳಿದೆ.